ಪಾತಿಗೆ ಹೋದ ಹಾಸಿಗೆ

ಫೋನು ಕಿವಿಯಿಂದ ಇಳಿಸಿದಾಗ ಗಡಿಯಾರ ರಿಪೇರಿಯವನ ಮುಖ ಎಷ್ಟು ಬಿಳಿಚಿಕೊಂಡಿತ್ತೆಂದರೆ, ದಾರಿಯಲ್ಲಿ ಹೋಗುವವರು ಹಿತ್ತಲ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದಾರೆ ಅಂದುಕೊಂಡರು.

"ಏನಂತೆ?" ಎಂದಳು ಹೆಂಡತಿ.

"ಮನೆ ಒಡತಿ ಸಂಜೆ ಬಸ್ಸಿಗೆ ಬರ್ತಾರಂತೆ. ಬದನೆ ಪಾತಿ ಹಸಿಯಾಗಿದೆಯಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಬೆಣ್ಣೆ ಹಾಗಿದೆ ಅಂದ್ಬಿಟ್ಟೆ."

ಮಗಳ ಮನೆಗೆ ಹೊರಡುವಾಗ ಒಡತಿ ಇವರ ಬಾಗಿಲಿಗೇ ಬಂದು ಹೇಳಿ ಹೋಗಿದ್ದರು: "ನೋಡಪ್ಪಾ, ಬೇಸಿಗೇಲಿ ಈ ಮಣ್ಣಲ್ಲಿ ಹಸಿ ನಿಲ್ಲಲ್ಲ ಅಂತಾನೇ ಹಿತ್ತಲಲ್ಲಿ ಈ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದು. ನನಗೆ ಉಳಿದಿರೋದು ಇದೊಂದೇ ಪಾತಿ. ಅದೂ ಒಣಗ್ತೋ, ನೀವು ಗಂಟುಮೂಟೆ ಕಟ್ಟಿ." ಅವನು ಲೋಲಕದಂತೆ ತಲೆಯಾಡಿಸಿದ್ದ. ಆಮೇಲೆ ಲೋಲಕವೂ ನಿಂತುಹೋಗಿತ್ತು, ಪಾತಿಗೆ ನೀರು ಹಾಕುವುದೂ ನಿಂತುಹೋಗಿತ್ತು.

ಈಗ ಪಾತಿಯಲ್ಲಿ ಎಂಥ ಬಿರುಕು ಬಿಟ್ಟಿತ್ತೆಂದರೆ, ಬೆಕ್ಕು ಅದನ್ನು ಹಾರಲು ಹೋಗಿ, ಎರಡು ಸಲ ಯೋಚಿಸಿ, ಸುತ್ತು ಹಾಕಿಕೊಂಡು ಹೋಯಿತು. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ಬೇಕಿದ್ದರೆ ಬೆಕ್ಕನ್ನೇ ಕೇಳಿ.

ಅವನು ಗಾಬರಿಯಿಂದ ಬಕೆಟ್ಟುಗಟ್ಟಲೆ ನೀರು ಸುರಿದ. ಕಲ್ಲಾಗಿದ್ದ ಮಣ್ಣು ಒಂದು ಗುಟುಕನ್ನೂ ಕುಡಿಯಲಿಲ್ಲ. ನೀರು ಬೇಲಿಯಡಿ ನುಸುಳಿ ಪಕ್ಕದ ಟೈಲರನ ಅಂಗಡಿ ಹೊಕ್ಕಿತು. ಆಗಷ್ಟೇ ಹೊಲಿದಿಟ್ಟ ಪ್ಯಾಂಟಿನ ಎರಡೂ ಕಾಲು ತೊಯ್ದವು.

ಟೈಲರ್ ಜಗಳಕ್ಕೆಂದೇ ಓಡಿ ಬಂದವನು, ಪಾತಿ ಕಂಡದ್ದೇ ಪಂಡಿತನಾಗಿಬಿಟ್ಟ. "ರೀ ಗಡಿಯಾರದೋರೆ, ಹೀಗೆ ಹೊಯ್ದರೆ ಆಗುತ್ತಾ? ಮೊದಲು ಮಣ್ಣು ಸಡಿಲ ಮಾಡಿ. ಆಮೇಲೆ ಚೂರು ಚೂರೇ ಕುಡಿಸಿ, ಮಗುಗೆ ಹಾಲು ಕುಡಿಸಿದ ಹಾಗೆ."

ಗಡಿಯಾರದವನು ಕೆದಕಿದ, ಕುಡಿಸಿದ. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಮೇಷ್ಟ್ರು ಛತ್ರಿ ಬಿಚ್ಚಿಕೊಂಡು ಬಂದರು. "ನಿಲ್ಲಿಸಯ್ಯಾ! ಈ ಬಿಸಿಲಲ್ಲಿ ಹೊಯ್ದಿದ್ದೆಲ್ಲ ಆಕಾಶಕ್ಕೇ ಹೋಗುತ್ತೆ. ಮೊದಲು ನೆರಳು ಮಾಡು, ಮಣ್ಣಿಗೆ ಹೊದಿಕೆ ಹಾಕು."

"ಮೊದಲು ನೀರು!" ಎಂದ ಟೈಲರ್, ಈ ತುದಿಯಲ್ಲಿ ಬೆರಳು ಚುಚ್ಚಿ. "ನೋಡಿ, ಒಣ!"

"ಮೊದಲು ನೆರಳು!" ಎಂದರು ಮೇಷ್ಟ್ರು, ಆ ತುದಿಯಲ್ಲಿ ಬೆರಳು ಚುಚ್ಚಿ. "ನೋಡು, ಹಸಿ!"

"ಹೊಯ್ರಿ!"

"ಹೊಯ್ಯಬೇಡ!"

ತಂಬಿಗೆ ಹಿಡಿದ ಗಡಿಯಾರದವನು ಇಬ್ಬರ ನಡುವೆ ಸೆಕೆಂಡ್ ಮುಳ್ಳಿನಂತೆ ಸುತ್ತಿದ. ಹಸಿ ಎಂದರೆ ಯಾವುದು, ಒಣ ಎಂದರೆ ಯಾವುದು, ತಾನು ಯಾರು, ಒಂದೂ ಅವನಿಗೆ ತಿಳಿಯದಾಯಿತು. ತಂಬಿಗೆಯ ನೀರು ಮಾತ್ರ ಅವನ ಚಪ್ಪಲಿಯನ್ನು ಚೆನ್ನಾಗಿ ನೆನೆಸಿತು.

"ಎರಡೂ ಮಾಡ್ರೀ, ಸಾಯ್ಲಿ! ಮನೆ ಹೋಗುತ್ತೆ!" ಎಂದು ಹೆಂಡತಿ ಕೂಗಿದಳು.

ನೆರಳಿಗೆ ಏನು? ಮಂಚದ ಮೇಲಿನ ಹೊದಿಕೆ ಹೊರಬಂತು. ಸಾಲಲಿಲ್ಲ, ಕಿಟಕಿ ಪರದೆಯೂ ಬಂತು. ಮಣ್ಣಿನ ಮೇಲೆ ಹರಡಲು ಒಣಗಿದ ಎಲೆ ಸಿಗಲಿಲ್ಲ. ಮೇಷ್ಟ್ರು ಹಾಸಿಗೆಯನ್ನೇ ನೋಡಿದರು, ಟೈಲರ್ ಕತ್ತರಿ ತೆಗೆದ, ಹತ್ತಿಯೆಲ್ಲ ಪಾತಿಗೆ ಹೋಯಿತು. ದಿಂಬುಗಳು ಹಿಂಬಾಲಿಸಿದವು.

"ನೀರು ನಿಧಾನಕ್ಕೆ ಜಿನುಗಬೇಕು," ಎಂದರು ಮೇಷ್ಟ್ರು. ಹೆಂಡತಿಯ ಕುಡಿಯುವ ನೀರಿನ ಮಣ್ಣಿನ ಮಡಕೆ ಗಿಡಗಳ ನಡುವೆ ಕುತ್ತಿಗೆವರೆಗೆ ಹೂತುಹೋಯಿತು.

"ನನ್ನನ್ನೂ ಹೂಳ್ತೀರಾ?" ಎಂದಳು ಅವಳು. ಮೇಷ್ಟ್ರು ಅದನ್ನೂ ಒಂದು ಕ್ಷಣ ಯೋಚಿಸಿದರು.

ಆದರೆ ಸಂಜೆಯ ಹೊತ್ತಿಗೆ ಬಾಡಿದ್ದ ಬದನೆ ಎಲೆಗಳು ಕಿವಿ ನಿಮಿರಿಸಿ ನಿಂತವು. ಒಡತಿ ಬ್ಯಾಗು ಕೆಳಗಿಡದೆ ನೇರ ಹಿತ್ತಲಿಗೆ ಬಂದರು. ಪರದೆ ಸರಿಸಿ, ಹತ್ತಿ ಬಿಡಿಸಿ, ಮಣ್ಣಿಗೆ ಬೆರಳಿಟ್ಟರು. ಬೆರಳು ಬುಡದವರೆಗೂ ಸರ್ರನೆ ಇಳಿಯಿತು. ಅವರು ಒಂದು ಹಿಡಿ ಮಣ್ಣೆತ್ತಿ ಮೂಸಿದರು. ಅವರ ಕಣ್ಣಲ್ಲಿ ನೀರು ಬಂತು.

"ಈ ಬಿಸಿಲಲ್ಲೂ ಹಸಿ ನಿಂತಿದೆಯಲ್ಲಪ್ಪಾ! ಯಾರು ಮಾಡಿದ್ದು?"

"ನಾನೇ," ಎಂದ ಟೈಲರ್.

"ನಾನೇ," ಎಂದರು ಮೇಷ್ಟ್ರು.

"ನಾನೇ ಅಮ್ಮಾ, ನಾನೊಬ್ಬನೇ!" ಎಂದು ಗಡಿಯಾರದವನು ಇಬ್ಬರನ್ನೂ ತಳ್ಳಿ ಮುಂದೆ ಬಂದ. "ರೂಮಿಗೆ ಇನ್ನೇನೂ ತೊಂದರೆ ಇಲ್ಲ ತಾನೆ?"

ಒಡತಿ ಅವನ ತಲೆ ಸವರಿ, ರೂಮಿನತ್ತ ಅಕ್ಕರೆಯಿಂದ ನೋಡಿದರು. "ಹಸಿ ನಿಲ್ಲಲ್ಲ ಅಂತ ತಾನೆ ನಾನು ಇದನ್ನ ಕಟ್ಟಿಸಿದ್ದು? ಈಗ ನೀನಿದ್ದೀಯಲ್ಲ! ನಾಳೇನೇ ರೂಮು ಕೆಡವಿಸ್ತೀನಿ, ಹಿತ್ತಲು ತುಂಬಾ ಬದನೆ ಹಾಕೋಣ. ನೀನು ಬೇರೆ ಕಡೆ ಮನೆ ಮಾಡ್ಕೊಂಡು, ದಿನಾ ಬಂದು ನೀರು ಹಾಕಿ ಹೋಗು."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಂಡತಿಯ ಕಡೆ ತಿರುಗಿದ.

ಅವಳು ಪಾತಿಯ ಮೇಲಿನ ಹೊದಿಕೆ, ಪರದೆ, ಹತ್ತಿ, ಮಡಕೆಗಳನ್ನು ಒಂದೊಂದಾಗಿ ನೋಡಿ ಸೆರಗು ಸಿಕ್ಕಿಸಿಕೊಂಡಳು.

"ಇನ್ನೇನ್ ನೋಡ್ತೀರಾ? ಅರ್ಧ ಸಾಮಾನು ಆಗಲೇ ಹೊರಗೇ ಇದೆ. ಮಿಕ್ಕಿದ್ದು ಕಟ್ಟಿ."