ತುಂಗಮ್ಮನ ಶುಕ್ರವಾರದ ದಂಡಯಾತ್ರೆ

ಹಂಸವಾಹಿನಿಯೆ, ಕೇಳುವವರ ಕಿವಿಯಲ್ಲಿ ಕೊಂಚ ಹೊತ್ತು ಕುಳಿತಿರು ತಾಯಿ. ಚೈತ್ರದ ಸೂರ್ಯನು ಹೆಂಚುಗಳನ್ನೆಲ್ಲ ಕಾವಲಿ ಮಾಡಿದ ಕಾಲದಲ್ಲಿ, ಮೈಸೂರಿನ ಹಳೆಯ ವಠಾರವೊಂದರ ಕೆಳಮನೆಯಲ್ಲಿ ನೆಲೆಸಿದ್ದ ಮಾಷಪಿಷ್ಟಮರ್ದಿನಿ, ಲಟ್ಟಣಿಗೆಪಾಣಿ, ಕಾಕಕುಲಭಯಂಕರಿ ತುಂಗಮ್ಮನು ದಂಡೆತ್ತಿ ಹೋದದ್ದನ್ನೂ, ಗೆಲುವು ಕೈಗೆ ಬಂದ ಗಳಿಗೆಯಲ್ಲೇ ಆ ಸೇನೆ ಬೆನ್ನು ತಿರುಗಿಸಿದ್ದು ಏಕೆಂಬುದನ್ನೂ ಹೇಳಬೇಕಾಗಿದೆ.

ಯುದ್ಧಕಾರಣ ಇಷ್ಟು. ತುಂಗಮ್ಮನ ಮಗಳು ಮಂದಾಕಿನಿ ಬಹಳ ವರ್ಷಗಳ ಹರಕೆಯ ಮೇಲೆ ಬಸುರಾಗಿ ಹಾಸನದಲ್ಲಿದ್ದಳು. ಅನ್ನ ಕಂಡರೆ ವಾಕರಿಕೆ. ಅಮ್ಮನ ಕೈಯ ಉದ್ದಿನ ಹಪ್ಪಳವಾದರೆ ಸೇರಬಹುದೇನೋ ಎಂದು ಅವಳು ಫೋನಿನಲ್ಲಿ ಅಂದದ್ದೇ ತಡ, ತಾಯಿ ಬೆಳಗಾಗುವ ಮುನ್ನ ಹಿಟ್ಟು ಕಲಸಿ, ಎಣ್ಣೆ ಹಚ್ಚಿ, ಕುಟ್ಟಿ, ಉಂಡೆ ಕಟ್ಟಿದಳು. ಮಾರನೆಯ ದಿನದ ಮೊದಲ ಬಸ್ಸಿಗೆ ಹೊರಡಬೇಕು. ಹಪ್ಪಳ ಇಂದೇ ಒಣಗಬೇಕು. ಆದರೆ ವಠಾರಕ್ಕೆಲ್ಲ ಬಿಸಿಲು ಬೀಳುತ್ತಿದ್ದ ಒಂದೇ ತಾರಸಿಯನ್ನು ಮಹಡಿದುರ್ಗಾಧೀಶ್ವರಿ ಅಂಬುಜಾಕ್ಷಿಯು ಆ ಕೊನೆಯಿಂದ ಈ ಕೊನೆಗೆ ಸಂಡಿಗೆ ಹರಡಿ ಆಕ್ರಮಿಸಿಕೊಂಡಿದ್ದಳು.

ಹಪ್ಪಳ ಒತ್ತಿಕೊಡಲು ತಂತಮ್ಮ ಮಣೆ, ಲಟ್ಟಣಿಗೆ ಹಿಡಿದು ಬಂದಿದ್ದ ನೆರೆಮನೆಯ ಸುವಾಸಿನಿಯರೇ ಸೇನೆಯಾದರು. ತುಂಗಮ್ಮ ಸೆರಗು ಬಿಗಿದು ನುಡಿದಳು:

"ಇವತ್ತು ಆ ಸಂಡಿಗೆ ಚಾಪೆ ಸುತ್ತಿ ಅವಳ ಕೈಗೇ ಕೊಟ್ಟು ಬರ್ಲಿಲ್ಲ ಅಂದ್ರೆ ನಾನು ತುಂಗಮ್ಮನೇ ಅಲ್ಲ."

"ಹೋದ ವರ್ಷಾನೂ ಇದೇ ಅಂದಿದ್ರಲ್ರೀ," ಎಂದಳು ಬಲಗೈಯಂತಿದ್ದ ಸೀತಾಬಾಯಿ.

ಆ ಮಾತನ್ನು ಕೇಳಿಸಿಕೊಳ್ಳದವಳಂತೆ ತುಂಗಮ್ಮ ಮೆಟ್ಟಿಲೇರಿದಳು. ಕಂಕಣಗಳು ರಣಭೇರಿಯಾದವು. ಕಾಗೆ ಕಾಯಲು ಕೂತಿದ್ದ ಅಂಬುಜಾಕ್ಷಿಯ ಗಂಡ, ಆ ವನಿತಾವಾಹಿನಿಯ ಒಂದೇ ದರ್ಶನಕ್ಕೆ ಕೋಲನ್ನೂ ಪೇಪರನ್ನೂ ಅಲ್ಲೇ ಬಿಟ್ಟು ಮನೆಯೊಳಗೆ ಮರೆಯಾದರು. ತುಂಗಮ್ಮ ಚಾಪೆಯ ಮೂಲೆ ಹಿಡಿದಳು. ಓಡಿಬಂದ ಅಂಬುಜಾಕ್ಷಿಗೆ ಹೋದ ವಾರದ ಅರಳು ಸಂಡಿಗೆಯಿಂದ ಹಿಡಿದು ಮೊನ್ನೆಯ ಬಾಳಕದ ಮೆಣಸಿನಕಾಯಿವರೆಗೆ ತಾರಸಿ ಕಬಳಿಸಿದ ದಿನಗಳ ಲೆಕ್ಕ ಒಪ್ಪಿಸಿದಳು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಉಪವಾಸವಿರುವ ಮಗಳ ಮಾತು ಬಂದಾಗ ಅಂಬುಜಾಕ್ಷಿ ತಲೆ ತಗ್ಗಿಸಿದಳು. ಇನ್ನೇನು ಜಯ.

ಆಗ ತಗ್ಗಿದ ಆ ತಲೆ ಮೇಲೆದ್ದಿತು. ಕಣ್ಣು ಎದುರಿನ ಹಣೆಗಳ ಮೇಲೆ ಸಾಲಾಗಿ ಹರಿಯಿತು. ಒಳಗೆ ಹೋಗಿ ಬಂದವಳ ಕೈಯಲ್ಲಿ ಬೆಳ್ಳಿ ತಟ್ಟೆ.

"ಅಯ್ಯೋ, ಮಾತಲ್ಲಿ ಮರ್ತೇಬಿಟ್ಟೆ. ಶುಕ್ರವಾರ, ಇಷ್ಟು ಜನ ಮುತ್ತೈದೇರು ಮನೆಗೆ ಬಂದಿದೀರಿ. ಕುಂಕುಮ ಇಟ್ಕೊಂಡು ಹೋಗಿ ತುಂಗಮ್ಮನೋರೆ."

ಇಟ್ಟುಕೊಂಡು ಹೋಗಿ. ತುಂಗಮ್ಮನಿಗೆ ಆಗ ಹೊಳೆಯಿತು: ಬಸ್ಸು, ಬೇಳೆ, ಬಿಸಿಲು ಎಲ್ಲ ನೋಡಿದವಳು ವಾರ ನೋಡಿರಲಿಲ್ಲ. ಶುಕ್ರವಾರದ ಕುಂಕುಮವನ್ನು ಬೇಡವೆನ್ನುವಂತಿಲ್ಲ. ತೆಗೆದುಕೊಂಡ ಮೇಲೆ ಕೂರುವಂತಿಲ್ಲ, ಜಗಳವಂತೂ ಆಡುವಂತೆಯೇ ಇಲ್ಲ. ಮಗಳಿಗೆ ಇದನ್ನೆಲ್ಲ ಕಲಿಸಿದವಳು ತಾನೇ. ತಾಂಬೂಲಕ್ಕೆ ಎರಡು ಕೈಯಲ್ಲೂ ಸೆರಗೊಡ್ಡಬೇಕು. ಹಾಗಾಗಿ ಒಂದು ಕೈಯ ಚಾಪೆಯೂ ಇನ್ನೊಂದು ಕೈಯ ಲಟ್ಟಣಿಗೆಯೂ ನೆಲಕ್ಕಿಳಿದವು. ಹಿಂದೆಯೇ ಸೇನೆಯೆಲ್ಲ ಶಸ್ತ್ರಸಂನ್ಯಾಸ ಮಾಡಿ ಸೆರಗೊಡ್ಡಿತು. ಬಂದ ಮೆಟ್ಟಿಲುಗಳನ್ನೇ, ಹಣೆ ತುಂಬ ಕುಂಕುಮ, ಮಡಿಲ ತುಂಬ ವೀಳ್ಯ, ಬಾಯಿ ಬಿಗಿದುಕೊಂಡು ಇಳಿಯಿತು.

ಕೆಳಗೆ ಉಂಡೆಗಳ ಪಾತ್ರೆಯ ಸುತ್ತ ಶೋಕಸಭೆ ಕೂತಿತು. ಸೋತವರಿಗೆ ಹಸಿವು ಹೆಚ್ಚು. ಸೀತಾಬಾಯಿ ಸಮಾಧಾನ ಹೇಳುತ್ತಲೇ ಒಂದು ಹಸಿ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಅಂಬುಜಾಕ್ಷಿಯ ಕುಯುಕ್ತಿಯನ್ನು ಹಳಿಯುತ್ತ ಉಳಿದವರೂ ಹಾಗೇ ಮಾಡಿದರು. ತುಂಗಮ್ಮ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ತಳದಲ್ಲಿ ಉಳಿದದ್ದು ಒಂದು ಹಿಡಿ. ಅದನ್ನೇ ಡಬ್ಬಿಗೆ ಹಾಕಿ, ಮೇಲೆ ಎಣ್ಣೆ ಸುರಿದು, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದಳು.

ಹಾಸನದಲ್ಲಿ ಮಂದಾಕಿನಿ ಹಪ್ಪಳವೆಲ್ಲಿ ಎಂದು ಕೇಳಿದಳು. ತುಂಗಮ್ಮ ಡಬ್ಬಿಯನ್ನು ಅವಳ ಮುಂದಿಟ್ಟು, ಮೆಟ್ಟಿಲಾರೋಹಣದಿಂದ ಮೊದಲ್ಗೊಂಡು ಸಮಗ್ರ ಸಮರವನ್ನು ವರ್ಣಿಸತೊಡಗಿದಳು. ಬೆಳ್ಳಿ ತಟ್ಟೆಯ ಘಟ್ಟಕ್ಕೆ ಬಂದು ತಲೆಯೆತ್ತಿದರೆ, ಮಗಳು ಡಬ್ಬಿಯ ಮೂಲೆಗಳನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ವಾಕರಿಕೆಯ ಸುಳಿವಿರಲಿಲ್ಲ.

"ಅಮ್ಮ," ಎಂದಳು, "ಉಪ್ಪು ಒಂದು ಕಲ್ಲು ಮುಂದಾಗಿದೆ."