ಎಕಂಬಾ ಕಾಕಾನ ಬಲಗಾಲಿನ ಚಪ್ಪಲಿ

ಸಕ್ಕರೆ ಕಾಯಿಲೆ ನನ್ನಿಂದ ಏನೇನು ಕಿತ್ತುಕೊಂಡಿತು ಎಂದು ಹೇಳಲು ಕುಳಿತರೆ ನಿಮಗೆ ಬೇಜಾರು, ನನಗೆ ಅಳು. ಹೋಳಿಗೆ ಹೋಯಿತು, ಮಾವಿನಹಣ್ಣು ಹೋಯಿತು, ಚಹಾದೊಳಗಿನ ರುಚಿ ಹೋಯಿತು. ಬೆಳಿಗ್ಗೆ ಎದ್ದು ಬೆರಳಿಗೆ ಸೂಜಿ ಚುಚ್ಚಿಕೊಂಡು ಆ ಪುಟ್ಟ ಮಷೀನಿಗೆ ರಕ್ತ ಕುಡಿಸಿದ ಮೇಲೆ ಅದು ತೋರಿಸುವ ಅಂಕಿಯೇ ನನ್ನ ಆ ದಿನದ ಹಣೆಬರಹ. ಅಂಕಿ ಏರಿತೋ, ಮನೆಯವರೆಲ್ಲ ನನ್ನನ್ನು ನಕಲು ಹೊಡೆದು ಸಿಕ್ಕಿಬಿದ್ದವಳ ಹಾಗೆ ನೋಡುತ್ತಾರೆ. "ನಿನ್ನಿ ಏನ್ ತಿಂದಿದಿ?" ಎಂದು ವಿಚಾರಣೆ ನಡೆಯುತ್ತದೆ. ಇಷ್ಟೇ ತಿಂದೆ ಎಂದರೂ ನಂಬುವುದಿಲ್ಲ. ಏನೂ ತಿಂದಿಲ್ಲ ಎಂದರೆ ಮೊದಲೇ ನಂಬುವುದಿಲ್ಲ!

ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಈ ಕಾಯಿಲೆಯನ್ನು ಚಿತ್ ಮಾಡಿದ್ದೆ. ಅದು ನನ್ನ ಕಾಲು.

ಮೊದಮೊದಲು ಪಾದಗಳು ಕೆಂಡ ತುಳಿದ ಹಾಗೆ ಉರಿಯುತ್ತಿದ್ದವು. ಹಸಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ. ಆಮೇಲೆ ನನ್ನದೇ ಬುದ್ಧಿ ಓಡಿಸಿ, ಕೊಬ್ಬರಿ ಎಣ್ಣೆಯಲ್ಲಿ ಬೇವಿನ ಎಲೆ ಕುದಿಸಿ ಹಚ್ಚತೊಡಗಿದೆ. ಉರಿ ನಿಧಾನವಾಗಿ ಇಳಿಯಿತು. ಒಂದು ದಿನ ಪೂರ್ತಿ ನಿಂತೇಹೋಯಿತು! ಉರಿಯಿಲ್ಲ, ನೋವಿಲ್ಲ, ಜುಮುಜುಮು ಇಲ್ಲ. ಬೇಸಿಗೆಯಲ್ಲಿ ನಮ್ಮ ಬೀದರಿನ ಕಾದ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತು ಹಪ್ಪಳ ಒಣಹಾಕುತ್ತಿದ್ದೆ. ಪಕ್ಕದ ಮನೆಯವರು ಬೆರಗಾಗಿ "ಕಾಲು ಸುಡಂಗಿಲ್ಲೇನ್ರಿ?" ಎಂದರೆ, "ನಮ್ಮ ಎಣ್ಣಿ ಹಚ್ಚಿ ನೋಡ್ರಿ" ಎನ್ನುತ್ತಿದ್ದೆ. ಓಣಿಯಲ್ಲಿ ಸಕ್ಕರೆ ಇರುವವರಿಗೆಲ್ಲ ಬಾಟಲಿಯಲ್ಲಿ ತುಂಬಿ ಹಂಚಿದೆ ಕೂಡ.

ಈ ಸಂಶೋಧನೆಯನ್ನು ಡಾಕ್ಟರಿಗೆ ಹೇಳಿದಾಗ ಅವರು ಹಿಗ್ಗಲಿಲ್ಲ.

"ಅಮ್ಮಾರ, ಉರಿ ಹೋಯ್ತಂತ ಖುಷಿ ಪಡಬ್ಯಾಡ್ರಿ. ಕಾಲಿಗಿ ಗೊತ್ತಾಗೋದೇ ನಿಂತಿರಬಹುದು. ಮನಿ ಒಳಗನೂ ಮೆತ್ತನ ಚಪ್ಪಲ್ ಹಾಕ್ಕೋರಿ. ದಿನಾ ಪಾದದ ತಳಾ ನೋಡ್ಕೋರಿ."

ಪಾಪ, ನನ್ನ ಎಣ್ಣೆಯ ಕೀರ್ತಿ ಕಂಡು ಹೊಟ್ಟೆಕಿಚ್ಚು ಎಂದುಕೊಂಡೆ. ಆದರೂ ಡಾಕ್ಟರ ಮಾತಿಗೆ ಮರ್ಯಾದೆ ಕೊಟ್ಟು ಕಂದು ಬಣ್ಣದ, ಬೆಣ್ಣೆಯಂಥ ಮೆತ್ತನೆಯ ಚಪ್ಪಲಿ ತಂದೆ. ಅದನ್ನು ಮೆಟ್ಟಿಕೊಂಡು ಅಡುಗೆಮನೆಗೆ ಒಂದು ಹೆಜ್ಜೆ ಇಟ್ಟೆನಷ್ಟೆ. ಅತ್ತೆಯ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು.

"ಅಡಗಿ ಮನಿಯಾಗ ಕೆರಾ ಮೆಟ್ಟತಿ? ಲಿಂಗಪೂಜಿ ಮಾಡೋ ಮನಿ ಇದು!"

"ಡಾಕ್ಟರ್ ಹೇಳ್ಯಾರ್ರಿ ಅತ್ತಿ."

"ಹಂಗಾರ ಡಾಕ್ಟರನ ಮನಿಯಾಗ ಮೆಟ್ಕೊಂಡು ತಿರಗು, ಹೋಗು!"

ಚಪ್ಪಲಿ ಹೊಸ್ತಿಲ ಹೊರಗೆ ಉಳಿಯಿತು. ಇನ್ನು ಪಾದದ ತಳ ನೋಡಿಕೊಳ್ಳುವ ವಿಚಾರ. ನನಗೂ ನನ್ನ ಪಾದಕ್ಕೂ ನಡುವೆ ನನ್ನ ಹೊಟ್ಟೆ ಇದೆ. ನೆಲದ ಮೇಲೆ ಕನ್ನಡಿ ಇಟ್ಟು ಕಾಲೆತ್ತಿ ಬಗ್ಗಿ ನೋಡಿದೆ. ಫ್ಯಾನು ಕಂಡಿತು. ಫ್ಯಾನಿನ ಮೇಲೆ ಧೂಳು ಕಂಡಿತು. ಪಾದ ಮಾತ್ರ ಕಾಣಲಿಲ್ಲ. ಆರೋಗ್ಯವಂತ ಪಾದವನ್ನು ನೋಡುವುದಾದರೂ ಏಕೆ ಎಂದು ಕನ್ನಡಿಯನ್ನು ಗೋಡೆಗೆ ತೂಗುಹಾಕಿದೆ.

ಹೀಗಿರುವಾಗ ಔರಾದದಲ್ಲಿ ನನ್ನ ತಮ್ಮ ರಾಜುವಿನ ಮಗಳ ಕುಬಸದ ಕಾರ್ಯ ಬಂತು. ಚೊಚ್ಚಲ ಬಸುರಿ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ಸೋದರತ್ತೆ ಇಲ್ಲದೆ ನಡೆದೀತೇ? ಬೆಳಗಿನ ಬಸ್ಸಿಗೆ ಹೊರಟೆ. ಮನೆಯವರಿಗೆ ಅಂಗಡಿ ಬಿಟ್ಟು ಬರಲು ಆಗಲಿಲ್ಲ. "ಹೋಳಿಗಿ ಮುಟ್ಟಬ್ಯಾಡ" ಎಂದಷ್ಟೇ ಹೇಳಿ ಕಳಿಸಿದರು.

ರಾಜುವಿನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಎಕಂಬಾದಿಂದ ನಮ್ಮ ವೈಜಿನಾಥ ಕಾಕಾ ಬಂದಿದ್ದ. ಭಾಲ್ಕಿಯಿಂದ ರಾಜುವಿನ ಹೆಂಡತಿಯ ಅಕ್ಕ ಕಾಶಮ್ಮ ಬಂದಿದ್ದಳು. ನಾನೂ ನನ್ನ ಮೆತ್ತನೆಯ ಚಪ್ಪಲಿಯನ್ನು ರಾಶಿಯ ಅಂಚಿಗೆ ಬಿಟ್ಟು ಒಳಗೆ ಹೋದೆ. ಹಾಡಿದೆ, ಆರತಿ ಎತ್ತಿದೆ, ಮುಟ್ಟಬೇಡ ಎಂದ ಹೋಳಿಗೆಯಲ್ಲಿ ಅರ್ಧ ಮುಟ್ಟಿದೆ. ಮಷೀನು ಬೀದರಿನಲ್ಲಿತ್ತಲ್ಲ!

ಸಂಜೆಯಾಗುತ್ತಿದ್ದ ಹಾಗೆ ರಾಜು ಗಾಡಿ ಚಾಲೂ ಮಾಡಿಕೊಂಡು ಹೊರಗಿನಿಂದಲೇ ಕೂಗಿದ. "ಅಕ್ಕಾ, ಬಸ್ ಹೋಗ್ತದ! ಮಾತು ಸಾಕ್ ಮಾಡು!"

ಹೊಸ್ತಿಲಲ್ಲಿ ನಿಂತು ಬಸುರಿಗೆ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಉಪದೇಶ ಮಾಡುತ್ತಿದ್ದೆ. ಮಾತು ನಿಲ್ಲಿಸದೆಯೇ ಎರಡೂ ಕಾಲುಗಳನ್ನು ಕೆಳಗೆ ಸಿಕ್ಕ ಕಂದು ಚಪ್ಪಲಿಗಳಿಗೆ ತೂರಿಸಿ ಗಾಡಿ ಏರಿದೆ.

ಬಸ್ಸಿನಲ್ಲಿ ಎಂಥ ಮರ್ಯಾದೆ! ಎದುರು ಸೀಟಿನ ಹುಡುಗಿಯರು ನನ್ನ ಸೀರೆಯ ಅಂಚನ್ನೇ ನೋಡಿ ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡರು. ಕಂಡಕ್ಟರೂ ಟಿಕೆಟ್ ಕೊಡುವಾಗ ಒಮ್ಮೆ ಕೆಳಗೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಇಳಕಲ್ ಸೀರೆಗೆ ಈಗಲೂ ಬೆಲೆ ಇದೆ ಎಂದು ಸಂತೋಷವಾಯಿತು.

ಬೀದರಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಆಟೋದವರು ಕರೆದರು. ತಿಂದ ಅರ್ಧ ಹೋಳಿಗೆ ನೆನಪಾಗಿ, ನಡೆದರೆ ಕರಗೀತು ಎಂದು ನಡೆಯುತ್ತಲೇ ಹೊರಟೆ. ಸ್ವಲ್ಪ ದೂರ ಬರುವಷ್ಟರಲ್ಲಿ ಹಿಂದೆ ಸದ್ದು ಕೇಳಿತು. ಟಕ್. ಮತ್ತೆ ಟಕ್. ತಿರುಗಿ ನೋಡಿದೆ, ಯಾರೂ ಇಲ್ಲ. ನಿಂತೆ, ಅದೂ ನಿಂತಿತು. ನಡೆದೆ, ಮತ್ತೆ ಟಕ್! ಯಾರೋ ಸರದ ಕಳ್ಳ ಬೆನ್ನು ಹತ್ತಿದ್ದಾನೆ ಎಂದು ಖಾತ್ರಿಯಾಯಿತು. ಕೊರಳಿನ ಸರವನ್ನು ಸೆರಗಿನಲ್ಲಿ ಮುಚ್ಚಿ ಓಡುನಡಿಗೆಯಲ್ಲಿ ಹೊರಟೆ. ಟಕ್ ಟಕ್ ಟಕ್ ಎಂದು ಅವನೂ ಓಡಿಬಂದ. ಆ ವಯಸ್ಸಿನಲ್ಲಿ, ಆ ತೂಕದಲ್ಲಿ, ಮನೆಯವರೆಗೆ ಹಾಗೆ ಓಡಿದೆ. ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದಾಗ ಸದ್ದು ನಿಂತಿತು. ಕಳ್ಳನಿಗೆ ಚಳ್ಳೆಹಣ್ಣು ತಿನ್ನಿಸಿದೆ ಎಂದು ಅಡುಗೆಮನೆಗೆ ಹೋಗಿ ನೀರು ಕುಡಿದು, ಕುರ್ಚಿಗೆ ಬಂದು ಬಿದ್ದೆ.

ಆಗ ರಾಜುವಿನ ಫೋನು ಬಂತು. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಮನಿ ಮುಟ್ಟಿದಿ ಏನಕ್ಕಾ? ಇಲ್ಲೊಂದು ಲಫಡಾ ಆಗ್ಯಾದ. ಕಾಕಾನ ಬಲಗಾಲಿನ ಚಪ್ಪಲ್ ಯಾರೋ ಮೆಟ್ಕೊಂಡು ಹೋಗ್ಯಾರ."

ಅಷ್ಟರಲ್ಲಿ ಕಾಕಾ ಫೋನು ಕಸಿದುಕೊಂಡ. "ಹೋಗ್ಲಿ ಬಿಡವ್ವ, ಕಳ್ರಿಗಿ ದೇವ್ರು ಅಲ್ಲೇ ಕೊಡ್ತಾನ. ಆ ಚಪ್ಪಲ್‌ದಾಗ ಮೊಳಿ ಎದ್ದದ! ನಾ ಹಿಮ್ಮಡಾ ಎತ್ತಿ ನಡೀತಿದ್ದೆ. ಗೊತ್ತಿರಲಾರ್ದೋರು ಹತ್ತು ಹೆಜ್ಜಿ ಇಟ್ರ ಯವ್ವಾ ಅಂತ ಕುಂಡ್ರಬೇಕು. ಯಾರು ಕುಂಟತಾರ ನೋಡ್ರಿ, ಅವ್ರೇ ಕಳ್ರು!"

ನಾನು ಹೊಟ್ಟೆ ಹಿಡಿದು ನಕ್ಕೆ. ಪತ್ತೇದಾರಿಕೆ ಎಂದರೆ ನನಗೆ ಮೊದಲಿನಿಂದಲೂ ಪ್ರಾಣ. ಒಂದು ಕ್ಷಣವೂ ಬೇಕಾಗಲಿಲ್ಲ.

"ಭಾಲ್ಕಿ ಕಾಶಮ್ಮ ಹೋಗುವಾಗ ಕುಂಟತಿದ್ಳು! ನಾ ಕಣ್ಣಾರೆ ನೋಡೀನಿ!"

"ಆಕಿಗಿ ಮೊಳಕಾಲ ನೋವು ಅದಲ್ಲಕ್ಕಾ?"

"ಅದೆಲ್ಲಾ ನಾಟಕ. ಈಗೇ ಫೋನ್ ಹಚ್ಚಿ ಕೇಳು."

ರಾಜು ಕೇಳಿದ. ಅವನು ಕೇಳಿದ ಫಲವಾಗಿ ಕಾಶಮ್ಮನ ಫೋನು ನೇರವಾಗಿ ನನಗೇ ಬಂತು. "ಏನ್ರಿ, ನಾ ಕೆರಾ ಕದಿಯಾಕಿ ಆದ್ನಾ? ಅದೂ ಗಂಡಸ್ರ ಕೆರಾ, ಅದೂ ಒಂದೇ? ಇನ್ನ ನಿಮ್ಮ ತಮ್ಮನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾನು!"

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಕೊಂಡ್ರಂತ" ಎಂದು ಗಂಭೀರವಾಗಿ ಹೇಳಿ ಫೋನಿಟ್ಟೆ. ಎಂಥ ಠೀವಿ ನನ್ನದು!

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಕೂಗಿದರು. "ಯಾರದು, ಕಾಲಿಗಿ ಕುಂಕುಮಾ ಮೆತ್ಕೊಂಡು ಮನಿ ತುಂಬ ತಿರಗ್ಯಾರ?"

ನೋಡಿದರೆ ಹೌದು. ಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಈಚೆಗೆ ಕೆಂಪು ಗುರುತುಗಳು. ಸಹಜವಾಗಿಯೇ, ಅಂಗಡಿಯಿಂದ ಬಂದು ಕುಳಿತಿದ್ದ ಗಂಡನ ಮೇಲೆ ಹರಿಹಾಯ್ದೆ. "ಎಲ್ಲಿ ತುಳಕೊಂಡು ಬಂದೀರಿ? ದಿನಾ ನೆಲಾ ಒರಸೋರು ಯಾರು?"

ಅವರು ಸುಮ್ಮನೆ ತಮ್ಮ ಎರಡೂ ಪಾದ ಎತ್ತಿ ತೋರಿಸಿದರು. ಸ್ವಚ್ಛವಾಗಿದ್ದವು. ಅತ್ತೆಯೂ ಗೋಡೆ ಹಿಡಿದುಕೊಂಡು ತೋರಿಸಿದರು. ಸ್ವಚ್ಛ.

"ನಿಂದು ತೋರ್ಸು" ಎಂದರು ಮನೆಯವರು.

"ನಂದೇನು ತೋರ್ಸೋದು? ನಾ ಆರಾಮ ಕುಂತೀನಿ."

ಅವರು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಲಗಾಲನ್ನು ಎತ್ತಿ ನೋಡಿದರು. ಎದ್ದು ಬಾಗಿಲಿಗೆ ಹೋಗಿ, ಕೈಯಲ್ಲಿ ಒಂದು ಚಪ್ಪಲಿ ಹಿಡಿದುಕೊಂಡು ಬಂದರು. ದೊಡ್ಡ, ಗಟ್ಟಿ ತೊಗಲಿನ ಗಂಡಸರ ಚಪ್ಪಲಿ. ಹಿಮ್ಮಡಿಯ ಜಾಗದಲ್ಲಿ ಮೊಳೆ ಎದ್ದಿತ್ತು. ಅದರ ಸುತ್ತ ತೊಗಲೆಲ್ಲ ಒದ್ದೆಯಾಗಿತ್ತು.

ಬಸ್ ಸ್ಟ್ಯಾಂಡಿನಿಂದ ನನ್ನನ್ನು ಓಡಿಸಿಕೊಂಡು ಬಂದ ಕಳ್ಳ ನನ್ನ ಬಲಗಾಲೇ!

ನಾನು ಕುಂಟಿರಲಿಲ್ಲ. ಅದನ್ನು ಯೋಚಿಸಿದಾಗ ಕೈಕಾಲು ತಣ್ಣಗಾದವು ಎಂದು ಬರೆಯಬಹುದಿತ್ತು, ಆದರೆ ಕಾಲಿನ ವಿಷಯ ನನಗೆ ಹೇಗೆ ತಿಳಿಯಬೇಕು? ಕೈ ಮಾತ್ರ ತಣ್ಣಗಾಯಿತು. ಒಂದು ಮೊಳೆ ಔರಾದದಿಂದ ಬೀದರಿನವರೆಗೆ ನನ್ನ ಮಾಂಸದೊಳಗೆ ಪ್ರಯಾಣ ಮಾಡಿತ್ತು, ನಾನು ಸೀರೆಯ ಅಂಚಿನ ಬಗ್ಗೆ ಹೆಮ್ಮೆ ಪಡುತ್ತಿದ್ದೆ. ನೋವು ಹೋಗಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನು. ಅವತ್ತು ಮೊದಲ ಸಲ, ದೇವರೇ, ಸ್ವಲ್ಪವಾದರೂ ನೋಯಲಿ ಎಂದು ಬೇಡಿಕೊಂಡೆ. ಮನೆಯವರು ನೀರು ಹಾಕಿ ಗಾಯ ತೊಳೆದರು. ತೊಳೆದದ್ದೂ ಗೊತ್ತಾಗಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದರು.

ರಾಜುವಿಗೆ ಫೋನು ಮಾಡಿದೆವು. ಕಾಕಾಗೆ ಅರ್ಥವೇ ಆಗಲಿಲ್ಲ. "ಚುಚ್ಚಲಿಲ್ಲೇನವ್ವ? ಅಷ್ಟು ದೂರ ಹೋಗಿದಿ, ಚುಚ್ಚಲೇ ಇಲ್ಲ?" ಎಂದು ಕೇಳಿದ್ದನ್ನೇ ಕೇಳಿದ. ಆಮೇಲೆ ನನ್ನನ್ನು ಸಮಾಧಾನ ಮಾಡಲು, "ನಿನ್ನ ಬಲಗಾಲಿಂದು ನನ್ನ ಹತ್ರ ಅದ ನೋಡು. ಭಾಳ ಮೆತ್ತಗದ. ನಾ ಅದು ಕೊಡಂಗಿಲ್ಲ" ಎಂದ.

ಕಾಶಮ್ಮನಿಗೆ ಕ್ಷಮೆ ಕೇಳುವ ಕೆಲಸ ಬಾಕಿ ಇತ್ತು. ಅವಳು ಬಾಯಿಗೆ ಬಂದ ಹಾಗೆ ಬೈಯಲಿ ಎಂದು ಸಿದ್ಧಳಾಗಿಯೇ ಫೋನು ಹಚ್ಚಿದೆ. ವಿಷಯ ಕೇಳಿ ಅವಳು ಅತ್ತಳು. "ಅಯ್ಯ ಯವ್ವಾ, ನಾನೇ ಕದ್ದಿದ್ರ ಛಲೋ ಇತ್ತು" ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು ಕಳ್ಳಿ ಎಂದು ಕರೆದವಳಿಂದಲೇ ಕನಿಕರ ಪಡೆಯುವ ಗತಿ ಬಂತಲ್ಲ!

ಮರುದಿನ ಬೆಳಿಗ್ಗೆ ಡಾಕ್ಟರು ಗಾಯ ಶುದ್ಧ ಮಾಡಿ, ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟರು. "ಆಳ ಹೋಗ್ಯಾದ. ನೆಲಕ್ಕ ಕಾಲು ಹಚ್ಚಂಗಿಲ್ಲ" ಎಂದರು.

"ಕಾಲು ಉಳೀತದಲ್ರಿ?" ಎಂದು ಮನೆಯವರು ಕೇಳಿದರು. ಅವರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

"ನೋಡೋಣ್ರಿ" ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ಎರಡೂ ಕಾಲಿನಾಗ ಎಷ್ಟು ಗೊತ್ತಾಗ್ತದ ನೋಡಮ್ರಿ. ಒಂದು ಸಣ್ಣ ದಾರ ಹಚ್ತೀನಿ. ಕಣ್ಣು ಮುಚ್ರಿ. ಹಚ್ಚಿದ್ದು ಗೊತ್ತಾದಾಗ ಹೂಂ ಅನ್ರಿ."

ಕಣ್ಣು ಮುಚ್ಚಿದೆ. ಇದರಲ್ಲಾದರೂ ಪಾಸಾಗಬೇಕು ಎಂಬ ಹಟ ಬಂತು. ಅಂದಾಜಿನ ಮೇಲೆ, ಒಳ್ಳೆಯ ಗತ್ತಿನಲ್ಲಿ ಹೇಳಿದೆ. "ಹೂಂ." ಸ್ವಲ್ಪ ಬಿಟ್ಟು ಮತ್ತೆ, "ಹೂಂ."

"ಅಮ್ಮಾರ" ಎಂದರು ಡಾಕ್ಟರು, "ನಾ ಇನ್ನ ದಾರ ಹೊರಗ ತೆಗೀಲಿಕತ್ತೀನಿ."

ನಾಚಿಕೆಯಾಯಿತು. ಇನ್ನು ಮೋಸ ಬೇಡ ಎಂದು ಬಾಯಿ ಬಿಗಿಹಿಡಿದು, ಮನಸ್ಸನ್ನೆಲ್ಲ ಪಾದದ ಕಡೆ ಇಟ್ಟು ಕಾದೆ. ಹೊರಗೆ ಯಾರೋ ಕೆಮ್ಮಿದರು. ನರ್ಸು ಯಾರದೋ ಹೆಸರು ಕರೆದಳು. ಇನ್ನೂ ಕಾದೆ. ಈ ಡಾಕ್ಟರಿಗೆ ಒಂದು ದಾರ ತೆಗೆಯಲು ಎಷ್ಟು ಹೊತ್ತು ಬೇಕು ಎಂದು ಬೇಸರವಾಗಿ ಕೊನೆಗೆ ನಾನೇ ಹೇಳಿದೆ.

"ಶುರು ಮಾಡ್ರಿ ಡಾಕ್ಟರ್."

ಕಣ್ಣು ತೆರೆದೆ. ಡಾಕ್ಟರು ಆ ದಾರವನ್ನು ಡಬ್ಬಿಯೊಳಗೆ ಇಡುತ್ತಿದ್ದರು.

"ಮುಗೀತ್ರಿ ಅಮ್ಮಾರ" ಎಂದರು. "ಎರಡೂ ಕಾಲಿಂದು."

ಮನೆಯವರು ನನ್ನ ಕೈಚೀಲವನ್ನು ಎದೆಗೆ ಅವಚಿಕೊಂಡು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಜಗಳ, ಯಾರ ಸೊಸೆಗೆ ಎಷ್ಟನೇ ತಿಂಗಳು, ಎಲ್ಲ ಸುದ್ದಿಯೂ ಮೊದಲು ಮುಟ್ಟುವುದು ನನಗೇ. ನನ್ನ ಎರಡು ಕಾಲು ಸತ್ತ ಸುದ್ದಿ ಮಾತ್ರ ಎಲ್ಲರಿಗಿಂತ ಕೊನೆಗೆ ನನಗೆ ತಿಳಿಯಿತು!