ಮುಚ್ಚಳವಿರುವ ಬದನೆಕಾಯಿ

ವಿಷ್ಣುತೀರ್ಥ ಆ ಶನಿವಾರ ಬೆಳಿಗ್ಗೆ ನುಂಗಂಬಾಕ್ಕಂನ ಹಳೆಯ ಬಂಗಲೆಯೊಂದರಿಂದ ಹೊರಬಿದ್ದಾಗ ಅವನ ಹಳದಿ ಕೈಚೀಲದಲ್ಲಿ ಒಂದು ಬದನೆಕಾಯಿ ಇತ್ತು. ಪಿಂಗಾಣಿಯ ಬದನೆಕಾಯಿ. ಹಸಿರು ತೊಟ್ಟು ಹಿಡಿದು ಎತ್ತಿದರೆ ಮೇಲಿನ ಅರ್ಧ ಮುಚ್ಚಳವಾಗಿ ಕೈಗೆ ಬರುತ್ತಿತ್ತು. ಕೆಳಗಿನ ಅರ್ಧದಲ್ಲಿ ಮನೆಮಂದಿಗೆಲ್ಲ ಸಾಲುವಷ್ಟು ಪಲ್ಯ ಹಿಡಿಯುತ್ತಿತ್ತು.

ಕಾನ್ಸುಲೇಟಿನ ಕೆಲಸ ಮುಗಿಸಿ ಸ್ವದೇಶಕ್ಕೆ ಹೊರಟಿದ್ದ ದಂಪತಿಗಳು ಮನೆಸಾಮಾನು ಮಾರುತ್ತಿದ್ದಾರೆಂಬ ಸುದ್ದಿ ಅವನ ಇನ್ಶೂರೆನ್ಸ್ ಕಛೇರಿಯವರೆಗೂ ಬಂದಿತ್ತು. ಬಂದವರೆಲ್ಲ ಫ್ರಿಜ್ಜು, ಏಸಿಗಳ ಸುತ್ತ ನೂಕಾಡುತ್ತಿದ್ದಾಗ ಇವನೊಬ್ಬ ಊಟದ ಕೋಣೆಯ ಕಪಾಟಿನ ಮುಂದೆ ಕೈಕಟ್ಟಿ ನಿಂತಿದ್ದ, ಗರ್ಭಗುಡಿಯ ಪರದೆ ಸರಿಯುವುದನ್ನು ಕಾಯುವ ಭಕ್ತನ ಹಾಗೆ. ಪಾತ್ರೆ ತನ್ನ ಅಜ್ಜಿಯ ಕಾಲದ್ದು, ತೊಟ್ಟಿನ ತುದಿ ಮಾತ್ರ ಚೂರು ಮುಕ್ಕಾಗಿದೆ ಎಂದು ಆ ಮನೆಯಾಕೆ ಸಂಕೋಚದಿಂದ ಹೇಳಿದಳು. ವಿಷ್ಣುತೀರ್ಥನಿಗೆ ಆ ಮುಕ್ಕೂ ಚೆಂದವಾಗಿಯೇ ಕಂಡಿತು.

ಇಂಗ್ಲಿಷರು ಮೇಜಿನ ಮೇಲೆ ಬಡಿಸಲು ಇಡುತ್ತಿದ್ದ, ತರಕಾರಿಯ ಆಕಾರದ ಹಳೆಯ ಪಾತ್ರೆಗಳನ್ನು ಕೂಡಿಡುವುದು ಅವನ ಹುಚ್ಚು. ಮೈಲಾಪೂರಿನ ಅವನ ಫ್ಲಾಟಿನ ನಡುಮನೆಯಲ್ಲಿ ಒಂದು ಗಾಜಿನ ಬೀರು ತುಂಬ ಅವೇ. ಎಲೆ ಬಿಚ್ಚಿದ ಎಲೆಕೋಸು, ಹೊಟ್ಟೆ ಉಬ್ಬಿದ ಕುಂಬಳ, ಬಾಯಿಬಿಟ್ಟ ಬಟಾಣಿ ಕಾಯಿ, ಟೊಮೇಟೊ, ಕ್ಯಾರೆಟ್ಟು. ಈರುಳ್ಳಿಯ ಆಕಾರದ್ದನ್ನು ಮಾತ್ರ ಹೆಂಡತಿ ಅಂಬುಜಾ ಬಾಲ್ಕನಿಗೆ ಅಟ್ಟಿದ್ದಳು. ಇವುಗಳಲ್ಲಿ ಒಂದರೊಳಗೂ ಇದುವರೆಗೆ ಒಂದು ಸೌಟು ಪಲ್ಯ ಬಿದ್ದಿರಲಿಲ್ಲ. ಯಾವ ದೊರೆಸಾನಿ ಯಾವ ಮಾಂಸ ಬಡಿಸಿದ್ದಳೋ ಎಂದು ಅಂಬುಜಾ ಅವನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಹೋದ ತಿಂಗಳು ಪಾರ್ಸೆಲ್ಲಿನಲ್ಲಿ ಒಂದು ಮೂಲಂಗಿ ಬಂದಾಗ ಅವಳು ಕಡೆಯ ಮಾತು ಆಡಿದ್ದಳು.

"ನೋಡಿ, ಇನ್ನೊಂದು ಪಾತ್ರೆ ಈ ಮನೆಯೊಳಗೆ ಬಂತೋ, ನಾನು ಆಚೆಗೆ. ತಮಾಷೆ ಅಂದ್ಕೋಬೇಡಿ."

ಆದ್ದರಿಂದ ಬದನೆಕಾಯಿಯನ್ನು ಗುಟ್ಟಾಗಿ ಒಳಗೆ ಸೇರಿಸಿ, ಎಲೆಕೋಸಿನ ಹಿಂದೆ ನಿಲ್ಲಿಸಿಬಿಡುವುದು ಅವನ ಯೋಜನೆ. ಮೊದಲಿಂದ ಇದ್ದದ್ದೇ ಎಂದು ಸಾಧಿಸಿದರಾಯಿತು.

ಅವರ ಫ್ಲಾಟುಗಳ ಗೇಟಿನ ಬಳಿ ನೆಲಮಹಡಿಯ ಸುಮಿತ್ರಮ್ಮ ಹಳೆಯ ಸೀರೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ಆಕೆಯ ಗಂಡ ಹಾಲಸಿದ್ದಪ್ಪ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಈರುಳ್ಳಿಯ ಸಗಟು ವ್ಯಾಪಾರಿ. ಹುಬ್ಬಳ್ಳಿ ಕಡೆಯವರು. ಸುಮಿತ್ರಮ್ಮನ ಕಣ್ಣು ಹದ್ದಿನದು, ಗಂಟಲು ದೇವಸ್ಥಾನದ ಧ್ವನಿವರ್ಧಕದ್ದು.

"ಏನ್ರೀ ಅಣ್ಣಾರ, ಚೀಲದಾಗ ಬದನಿಕಾಯಿ!" ಎಂದಳು ಆಕೆ. "ಎಷ್ಟ್ ದೊಡ್ಡದೈತಲ್ರೀ, ಕೂಸಿನ ತಲಿ ಇದ್ದಂಗ! ನಿಮ್ಮ ಮನ್ಯಾಗ ಈ ತಿಂಗಳ ಕಾಯಿಪಲ್ಲೆ ಮುಟ್ಟಂಗಿಲ್ಲ ಅಂತ ಅಂಬುಜಕ್ಕಾರು ಹೇಳಿದ್ರು?"

ವಿಷ್ಣುತೀರ್ಥ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಅದು ಚಾತುರ್ಮಾಸ್ಯದ ಮೊದಲ ತಿಂಗಳು, ಶಾಕವ್ರತ. ಅವನ ಮನೆಯಲ್ಲಿ ಆ ತಿಂಗಳಿಡೀ ತರಕಾರಿ, ಸೊಪ್ಪು ಒಳಗೆ ಬರುವಂತಿರಲಿಲ್ಲ. ಹೆಸರುಬೇಳೆ, ಮೆಣಸು, ಜೀರಿಗೆಯಲ್ಲೇ ದಿನ ದೂಡಬೇಕು. ಇದು ತರಕಾರಿಯಲ್ಲ, ಪಾತ್ರೆ ಎಂದುಬಿಟ್ಟರೆ ಆ ಮಾತು ಅಂಬುಜಾಳ ಕಿವಿಗೆ ತನಗಿಂತ ಮೊದಲು ತಲುಪುತ್ತದೆ.

"ಅದು... ಆಫೀಸಿನವರೊಬ್ಬರಿಗೆ," ಎಂದು ಗೊಣಗಿ ಮೆಟ್ಟಿಲ ಕಡೆ ಓಡಿದ. ಸುಮಿತ್ರಮ್ಮ ತಿರುಗಿದ್ದನ್ನು ನೋಡಿಕೊಂಡು ಮೆಟ್ಟಿಲ ಕೆಳಗಿನ ಕರೆಂಟ್ ಮೀಟರುಗಳ ಹಿಂದೆ ಚೀಲ ತುರುಕಿ, ಬರಿಗೈಯಲ್ಲಿ ಮನೆಗೆ ಹೋದ. ಸ್ನಾನ ಮಾಡಿದ. ಹೊರಗೆ ಬರುವಷ್ಟರಲ್ಲಿ ನಡುಮನೆಯಲ್ಲಿ ಸಭೆ ಸೇರಿತ್ತು.

ಅಂಬುಜಾ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಬಾಗಿಲ ಬಳಿ ಸುಮಿತ್ರಮ್ಮ, ತಾನು ಬಿತ್ತಿದ್ದು ಮೊಳೆಯುವುದನ್ನು ನೋಡಲು ಬಂದವಳಂತೆ. ಕುರ್ಚಿಯಲ್ಲಿ ಮೇಲಿನ ಮಹಡಿಯ ಕೃಷ್ಣಪ್ರಸಾದರು. ನಿವೃತ್ತರಾದ ಮೇಲೆ ಅವರು ಫ್ಲಾಟುಗಳಲ್ಲಿದ್ದ ಮಾಧ್ವರ ಮನೆಗಳ ಆಚಾರವನ್ನೆಲ್ಲ ತಾವೇ ವಹಿಸಿಕೊಂಡಿದ್ದರು. ಏಕಾದಶಿಯ ದಿನ ಯಾರ ಮನೆಯಿಂದ ಒಗ್ಗರಣೆಯ ವಾಸನೆ ಬಂದರೂ ಅವರ ಮೂಗು ಬಾಗಿಲು ತಟ್ಟುತ್ತಿತ್ತು.

"ಏನೋ ವಿಷ್ಣು, ನಾನು ಕೇಳಿದ್ದು ನಿಜಾನಾ? ಶಾಕವ್ರತದಲ್ಲಿ ಬದನೆಕಾಯಿ?"

"ಯಾರು ಹೇಳಿದ್ದು?"

"ನಾನಽ ಹೇಳಿದ್ದು," ಎಂದಳು ಸುಮಿತ್ರಮ್ಮ. "ಕಂಡದ್ದು ಹೇಳಿದ್ರ ತಪ್ಪೇನ್ರೀ?"

"ಆಫೀಸಿನವರಿಗೆ ಅಂದ್ರಂತೆ," ಎಂದಳು ಅಂಬುಜಾ. "ಇವತ್ತು ನಿಮಗೆ ಆಫೀಸೇ ಇಲ್ಲವಲ್ಲ. ಎಲ್ಲಿ ಆ ಬದನೆಕಾಯಿ? ಸತ್ಯ ಹೇಳಿ."

ಕಾಲೇಜಿನ ಪುಸ್ತಕ ಹಿಡಿದು ಮೂಲೆಯಲ್ಲಿದ್ದ ಮಗಳು ಅಕ್ಷಯಾ ತಲೆಯೆತ್ತಿದಳು. ಮನೆಯಲ್ಲಿ ಏನೇ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. "ಅಪ್ಪಾ, ಕತ್ರಿಕ್ಕಾಯಾ? ನೀಂಗಳಾ?" ಬದನೆಕಾಯಿಯಾ, ಅದೂ ನೀವಾ ಎಂಬುದು ಅವಳ ಪ್ರಶ್ನೆ.

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಒಂದು ಕಡೆ ಪಾತ್ರೆ, ಒಂದು ಕಡೆ ಪಾಪ. ಪಾತ್ರೆಯ ವಿಷಯ ಹೊರಬಿದ್ದರೆ ಅಂಬುಜಾ ಮನೆ ಬಿಡುತ್ತಾಳೆ, ಇಲ್ಲವೇ ಪಾತ್ರೆ ಬಿಡಬೇಕಾಗುತ್ತದೆ. ಪಾಪಕ್ಕಾದರೆ ಪರಿಹಾರವಿದೆ. ವಿಷ್ಣುತೀರ್ಥ ಕಣ್ಣುಮುಚ್ಚಿ ಪಾಪದ ಕಡೆಗೆ ವಾಲಿದ.

"ತಿಂದುಬಿಟ್ಟೆ," ಎಂದ.

"ತಿಂದುಬಿಟ್ಟೆ ಅಂದ್ರೆ? ಯಾವಾಗ? ಯಾರು ಬೇಯಿಸಿಕೊಟ್ರು?" ಎಂದಳು ಅಂಬುಜಾ.

ಸುಮಿತ್ರಮ್ಮ ಗೇಟಿನಲ್ಲಿ ನೋಡಿದ್ದು, ಅವನು ಮನೆಗೆ ಬಂದದ್ದು, ಎರಡರ ನಡುವೆ ಅಡುಗೆಗೆ ಅವಕಾಶವಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಹಿಂದೆ ಹೋಗುವಂತಿರಲಿಲ್ಲ.

"ಹಸೀದೇ," ಎಂದ. "ಮೆಟ್ಟಿಲ ಮೇಲೆ."

ಅಕ್ಷಯಾ ಪುಸ್ತಕ ಮುಚ್ಚಿಟ್ಟಳು.

"ಅಯ್ಯ ಶಿವನ! ಅಷ್ಟ್ ದೊಡ್ಡದನ್ನ?" ಎಂದಳು ಸುಮಿತ್ರಮ್ಮ. ಆಕೆಯ ದನಿಯಲ್ಲಿ ಈಗ ಗೌರವ ಇತ್ತು.

ಕೃಷ್ಣಪ್ರಸಾದರು ಎದ್ದು ನಿಂತರು. ಇಂಥ ದೊಡ್ಡ ಅಪರಾಧ ಅವರ ಕೈಗೆ ಇದುವರೆಗೆ ಸಿಕ್ಕಿರಲಿಲ್ಲ. ಸಿಟ್ಟಿಗಿಂತ ಉತ್ಸಾಹವೇ ಹೆಚ್ಚಾಗಿತ್ತು. "ಚಿಂತೆ ಬೇಡಮ್ಮ ಅಂಬುಜಾ. ನಾನಿದ್ದೀನಿ. ನಡಿಯೋ ವಿಷ್ಣು ಮೇಲಕ್ಕೆ. ಪಂಚಗವ್ಯ, ಜಪ, ಇವತ್ತಿಡೀ ಉಪವಾಸ. ಎಲ್ಲ ಕ್ರಮವಾಗಿ ಆಗಲಿ."

ವಿಷ್ಣುತೀರ್ಥ ಹೋದ. ಒದ್ದೆ ಪಂಚೆ ಉಟ್ಟು ಮಣೆಯ ಮೇಲೆ ಕುಳಿತ. ಪಂಚಗವ್ಯ ಕುಡಿದ. ಹೇಳಿದ್ದನ್ನು ಹೇಳಿದ, ಎದ್ದೇಳೆಂದಾಗ ಎದ್ದ, ನಮಸ್ಕರಿಸು ಎಂದಾಗ ಉದ್ದಕ್ಕೆ ಬಿದ್ದ. ಹೊಟ್ಟೆ ಹಸಿದಿತ್ತು, ಮನಸ್ಸು ಮಾತ್ರ ಮದುವೆಮನೆಯಂತಿತ್ತು. ಮೀಟರುಗಳ ಹಿಂದೆ ನೇರಳೆ ಬಣ್ಣದ ಆ ಮೈ ತಣ್ಣಗೆ ಮಲಗಿರುವುದು ಕಣ್ಣ ಮುಂದೆ ಬಂದು ಅವನಿಗೆ ನಗು ತಡೆಯಲಾಗಲಿಲ್ಲ. ಕೃಷ್ಣಪ್ರಸಾದರು ಅದನ್ನು ಭಕ್ತಿಯ ಆನಂದವೆಂದು ತಿಳಿದು ಇನ್ನೊಂದು ಸುತ್ತು ಜಪ ಹೆಚ್ಚಿಸಿದರು.

ಮಧ್ಯಾಹ್ನ ಕಳೆದ ಮೇಲೆ ಕೆಳಗೆ ಬಂದು ಬಾಗಿಲು ತೆರೆದರೆ ಗಾಜಿನ ಬೀರು ಖಾಲಿ.

ಎಲೆಕೋಸಿಲ್ಲ, ಕುಂಬಳವಿಲ್ಲ. ಪಾತ್ರೆಗಳಿದ್ದ ಜಾಗದಲ್ಲಿ ಧೂಳಿನ ನಡುವೆ ದುಂಡು ದುಂಡು ಗುರುತುಗಳು. ಬಾಲ್ಕನಿಗೆ ಓಡಿದ. ಈರುಳ್ಳಿಯೂ ಇರಲಿಲ್ಲ.

"ಅಂಬುಜಾ!"

ಅವಳು ಒದ್ದೆ ಬಟ್ಟೆಯಿಂದ ಬೀರುವಿನ ತಳ ಒರೆಸುತ್ತ ಸಮಾಧಾನವಾಗಿಯೇ ಹೇಳಿದಳು. "ನಿಮ್ಮ ಮೇಲೆ ಕೋಪ ಇಲ್ಲ ನನಗೆ. ಕೂತು ಯೋಚನೆ ಮಾಡಿದೆ. ಬೆಳಿಗ್ಗೆ ಎದ್ದರೆ ಎಲೆಕೋಸು, ರಾತ್ರಿ ಮಲಗೋಕ್ಮುಂಚೆ ಕುಂಬಳಕಾಯಿ. ಯಾವ ಹೊತ್ತೂ ತರಕಾರಿನೇ ನೋಡ್ತಿದ್ರೆ ಮನುಷ್ಯ ಇನ್ನೇನಾಗ್ತಾನೆ? ಮೆಟ್ಟಿಲ ಮೇಲೆ ಕೂತು ಹಸಿ ಬದನೆಕಾಯಿ ತಿನ್ನೋ ಹಾಗಾಯ್ತು ನಿಮಗೆ. ಹಾಲಸಿದ್ದಪ್ಪನವರ ಟೆಂಪೋ ಹೊರಟಿತ್ತು. ಎಲ್ಲಿಗಾದ್ರೂ ಒಯ್ದು ಯಾರಿಗಾದ್ರೂ ಕೊಡಿ, ನಮ್ಮನೆಯವರ ಕಣ್ಣಿಗೆ ಬೀಳಬಾರದು ಅಂತ ಹೇಳಿ ಕಳಿಸಿದೆ."

ವಿಷ್ಣುತೀರ್ಥ ಕೆಳಗಿಳಿದು ಹೋಗಿ, ಮೀಟರುಗಳ ಹಿಂದಿನಿಂದ ಚೀಲ ತಂದು, ಬದನೆಕಾಯಿಯನ್ನು ಹೆಂಡತಿಯ ಮುಂದೆ ಇಟ್ಟ. ಮುಚ್ಚಳ ತೆಗೆದು ತೋರಿಸಿದ.

"ನಾನು ಏನೂ ತಿಂದಿಲ್ಲ. ಇದೇ ಅದು."

ಇನ್ನೊಂದು ಪಾತ್ರೆ ಬಂತೆಂದು ಆಕಾಶ ಕೆಳಗೆ ಬೀಳುವುದನ್ನು ಅವನು ಕಾದ. ಅಂಬುಜಾ ಮುಚ್ಚಳ ನೋಡಿದಳು, ಒಳಗೆ ನೋಡಿದಳು, ಗಂಡನ ಮುಖ ನೋಡಿದಳು. ಮರುಕ್ಷಣ ದೇವರ ಮನೆಯ ಕಡೆ ತಿರುಗಿ ಕೈಮುಗಿದಳು.

"ರಾಯರೇ, ಕಾಪಾಡಿದ್ರಿ! ವ್ರತ ಕೆಟ್ಟಿಲ್ಲ. ಅಯ್ಯೋ, ಪಾತ್ರೆ ತಾನೇರೀ? ಬೆಳಿಗ್ಗೆನೇ ಹೇಳೋಕೇನಾಗಿತ್ತು?"

"ಇನ್ನೊಂದು ಬಂದ್ರೆ ಆಚೆಗೆ ಹೋಗ್ತೀನಿ ಅಂದಿದ್ಯಲ್ಲ?"

"ಮಾತಿಗೆ ಅಂದೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ನನ್ನ ತಮ್ಮನ ಮನೇಲಿ ನೀರೇ ಬರಲ್ಲ."

ಅಷ್ಟು ಸುಲಭವಾಗಿ ಮುಗಿಯಬಹುದಾಗಿದ್ದ ವಿಷಯಕ್ಕೆ ತಾನು ಪಂಚಗವ್ಯ ಕುಡಿದದ್ದು ನೆನೆದು ವಿಷ್ಣುತೀರ್ಥ ಹಣೆ ಚಚ್ಚಿಕೊಂಡ. ಆದರೂ ಆಸೆ ಸತ್ತಿರಲಿಲ್ಲ. ಇಬ್ಬರೂ ಆಟೋ ಹತ್ತಿ ಕೋಯಂಬೇಡಿಗೆ ಹೊರಟರು. ಉಳಿದಿದ್ದ ಆ ಒಂದೇ ಪಾತ್ರೆಯನ್ನು ಮನೆಯಲ್ಲಿ ಬಿಡಲು ಧೈರ್ಯವಾಗದೆ ಅವನು ಅದನ್ನು ಚೀಲದ ಸಮೇತ ಎದೆಗೆ ಅವುಚಿಕೊಂಡಿದ್ದ.

ಮಾರ್ಕೆಟ್ಟಿನಲ್ಲಿ ಕೊಳೆತ ಸೊಪ್ಪಿನ ಮೇಲೆ ಜಾರುತ್ತ, ಮೂಟೆ ಹೊತ್ತು ಬರುವವರಿಗೆ ದಾರಿ ಬಿಡುತ್ತ ಈರುಳ್ಳಿಯ ಸಾಲಿಗೆ ತಲುಪಿದಾಗ ಹಾಲಸಿದ್ದಪ್ಪ ಗದ್ದಿಗೆಯಿಂದಲೇ ಕೈಯೆತ್ತಿದ.

"ಬರ್ರಿ ಬರ್ರಿ ಅಣ್ಣಾರ! ಅಕ್ಕಾರೂ ಬಂದಾರ! ನಿಮ್ಮ ಸಾಮಾನಿಂದ ಇವತ್ತ ಮಾರ್ಕೆಟ್ಟಿಗೇ ಕಳೆ ಬಂದದ ನೋಡ್ರಿ."

ಅವನ ತಲೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಬಾಲ್ಕನಿಯ ಈರುಳ್ಳಿ ಕುಳಿತಿತ್ತು. ಅದರ ಹಣೆಗೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಮಲ್ಲಿಗೆ ದಂಡೆ. ಮುಂದೆ ಊದುಬತ್ತಿ.

"ಯಾರಿಗಾದ್ರೂ ಕೊಡು ಅಂದ್ರಲ್ರೀ ಅಕ್ಕಾರು? ಯಾರ್ಯಾರು ಯಾವ ಕಾಯಿಪಲ್ಲೆ ಮಾರ್ತಾರೋ ಅವರವರಿಗೆ ಅದನ್ನ ಕೊಟ್ಟೆ. ಎಲ್ಲಾರೂ ಪೂಜಿ ಮಾಡಿ ಇಟಗೊಂಡಾರ."

ವಿಷ್ಣುತೀರ್ಥ ಸಾಲು ಸಾಲು ತಿರುಗಿ ನೋಡಿದ. ಎಲೆಕೋಸಿನ ಅಂಗಡಿಯಲ್ಲಿ ಎಲೆಕೋಸಿಗೆ ಅರಿಶಿನ ಹಚ್ಚಿದ್ದರು. ಕುಂಬಳದ ಅಂಗಡಿಯಲ್ಲಿ ಕುಂಬಳದ ಮುಚ್ಚಳದ ಮೇಲೆ ಕರ್ಪೂರ ಉರಿಯುತ್ತಿತ್ತು. ಟೊಮೇಟೊ ಅಂಗಡಿಯ ಮುದುಕ ಅದರೊಳಗೆ ಆ ದಿನದ ಮೊದಲ ಬೋಣಿಯ ನೋಟನ್ನಿಟ್ಟು ಮುಚ್ಚಿದ್ದ. ಇವನು ಬಾಯಿ ತೆರೆಯುವ ಮೊದಲೇ ಆ ಮುದುಕ ಕೈಮುಗಿದು, "ಲಕ್ಷ್ಮಿ ಸಾರ್, ಲಕ್ಷ್ಮಿ!" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಕೊಟ್ಟ ಪಾತ್ರೆ ವಾಪಸ್ಸು ಕೇಳಬಹುದು. ಪೂಜೆಗೆ ಕೂತ ದೇವರನ್ನು ಎಬ್ಬಿಸಿಕೊಂಡು ಹೋಗುವುದು ಹೇಗೆ? ಸಂಕೋಚ ಬಿಟ್ಟು ಕೇಳಿಯಾಳೆಂದು ಅವನು ಅಂಬುಜಾಳತ್ತ ನೋಡಿದ. ಅವಳು ಕುಂಬಳಕ್ಕೆ ನಮಸ್ಕಾರ ಹಾಕುತ್ತಿದ್ದಳು.

ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಕೇಳಿತು. ನಾಗರಾಜ ಎಂಬ ದಪ್ಪ ಮೀಸೆಯ ವ್ಯಾಪಾರಿ ಅಂಗಡಿಯಿಂದ ಜಿಗಿದು ಬಂದ. ಮಧ್ಯಾಹ್ನದಿಂದ ತನ್ನ ತರಕಾರಿ ಬಿಟ್ಟುಹೋಯಿತೆಂದು ಹಾಲಸಿದ್ದಪ್ಪನೊಂದಿಗೆ ಮಾತು ಬಿಟ್ಟಿದ್ದವನು. ಅವನ ಕಣ್ಣು ಹಳದಿ ಚೀಲದಿಂದ ಹೊರಗೆ ಇಣುಕುತ್ತಿದ್ದ ಹಸಿರು ತೊಟ್ಟಿನ ಮೇಲಿತ್ತು.

"ನಮ್ಮ ಕತ್ರಿಕ್ಕಾ! ಸಾರೇ ತಂದಿದಾರೆ!" ಎಂದು ತಮಿಳು, ಕನ್ನಡ ಎರಡರಲ್ಲೂ ಕೂಗಿ, ಬದನೆಕಾಯಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಕಣ್ಣಿಗೊತ್ತಿಕೊಂಡ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಯಾರೋ ವಿಷ್ಣುತೀರ್ಥನ ಕೊರಳಿಗೂ ಒಂದು ಮಾಲೆ ಹಾಕಿದರು. ಚೀಲ ಹಗುರಾಗಿ ಜೋತುಬಿತ್ತು.

ಹಾಲಸಿದ್ದಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ದೊಡ್ಡ ಮನಸ್ಸು ನಿಮ್ಮದು ಅಣ್ಣಾರ. ಇನ್ನ ಹಾಗಲಕಾಯಿ ಅಂಗಡಿಯವ ಒಬ್ಬ ಉಳದಾನ, ಪಾಪ. ಮುಖ ಸಣ್ಣ ಮಾಡ್ಕೊಂಡು ಕುಂತಾನ. ಅವಂಗೂ ಒಂದು ಹುಡುಕಿ ಕೊಡ್ರಲಾ."

"ಹಾಗಲಕಾಯಿದು ಸಿಗಲ್ಲ ಹಾಲಸಿದ್ದಪ್ಪನವರೇ," ಎಂದ ವಿಷ್ಣುತೀರ್ಥ ಮಾಲೆ ತೆಗೆಯುತ್ತ. "ಇಂಗ್ಲಿಷರು ಅದನ್ನ ತಿಂತಿರಲಿಲ್ಲ."

ಗೇಟಿನವರೆಗೆ ನಡೆದು ಆಟೋಗೆ ಕೈ ಅಡ್ಡ ಹಿಡಿದವನು ತಟ್ಟನೆ ಹೆಂಡತಿಯ ಕಡೆ ತಿರುಗಿದ.

"ಚೀನಾದವರು ತಿಂತಾರೆ, ಅಲ್ವಾ?"